ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನ ಹಿಂದಿನ ಪ್ಯಾಡ್: ಕ್ಲಾಂಪಿನಿಂದ ಪಿಸ್ಟನ್ ಒತ್ತಬಹುದೇ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ಶರಣು. ನನ್ನ ಕಾರು 62,000 ಕಿ.ಮೀ. ಓಡಿದೆ. ಇದರಲ್ಲಿ ಕೈಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ಇಲ್ಲ; ಗುಂಡಿ ಒತ್ತಿದರೆ ಹಿಂದಿನ ಎರಡೂ ಕ್ಯಾಲಿಪರುಗಳ (ಚಕ್ರದ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಭಾಗ) ಮೋಟಾರು ತಿರುಗಿ ಬ್ರೇಕು ಹಿಡಿಯುತ್ತದೆ. ಒಂದು ವಾರದಿಂದ ಎಡಗಡೆಯ ಹಿಂದಿನ ಚಕ್ರದಲ್ಲಿ ಕಬ್ಬಿಣ ಉಜ್ಜಿದ ಸದ್ದು ಬರುತ್ತಿದೆ. ನಮ್ಮ ಪರಿಚಯದ ಮಿಸ್ತ್ರಿಯವರು ಪ್ಯಾಡ್ (ಡಿಸ್ಕಿಗೆ ಒತ್ತಿ ಉಜ್ಜುವ ತುಂಡು) ಸವೆದಿದೆ ಎಂದೂ, ಬ್ಯಾಟರಿಯ ವೈರು ಬಿಚ್ಚಿ ಕ್ಲಾಂಪಿನಿಂದ ಪಿಸ್ಟನ್ (ಪ್ಯಾಡನ್ನು ಡಿಸ್ಕಿನತ್ತ ತಳ್ಳುವ ಭಾಗ) ಹಿಂದಕ್ಕೆ ಒತ್ತಿ ಹೊಸದನ್ನು ಕೂಡಿಸುವುದಾಗಿಯೂ ಹೇಳಿದ್ದಾರೆ. ನನ್ನ ಹಳೆಯ ಕಾರನ್ನು ಹತ್ತು ವರ್ಷ ಅವರೇ ನೋಡಿಕೊಂಡಿದ್ದರಿಂದ ಅವರ ಕೆಲಸದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಮೋಟಾರು ಇರುವ ಕ್ಯಾಲಿಪರಿಗೆ ಈ ವಿಧಾನ ಸರಿಯೇ ಎಂದು ತಿಳಿದವರು ಹೇಳಬೇಕು.

ಉತ್ತರ (ಬೀದರಿನಿಂದ, ಗ್ಯಾರೇಜ್ ನಡೆಸುವವರು)

ಶರಣು ಸರ್. ದಯವಿಟ್ಟು ಹಾಗೆ ಮಾಡಿಸಬೇಡಿ. ಆ ಪಿಸ್ಟನ್ನಿನ ಒಳಗೆ ಮೋಟಾರಿನಿಂದ ತಿರುಗುವ ಒಂದು ಸ್ಕ್ರೂ, ಅದರ ಮೇಲೆ ಮುಂದಕ್ಕೂ ಹಿಂದಕ್ಕೂ ಸರಿಯುವ ಒಂದು ನಟ್ಟು ಇರುತ್ತದೆ. ಬ್ರೇಕು ಬಿಟ್ಟಾಗ ಆ ನಟ್ಟು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಚಕ್ರ ಸಡಿಲಾಗುವಷ್ಟೇ ಸರಿದು ನಿಲ್ಲುತ್ತದೆ. ಪ್ಯಾಡ್ ಸವೆದಷ್ಟೂ ಅದು ನಿಲ್ಲುವ ಜಾಗ ಮುಂದೆ ಮುಂದೆ ಬರುತ್ತದೆ. ಹೀಗಿರುವಾಗ ಕ್ಲಾಂಪ್ ಬಿಗಿದರೆ ಪಿಸ್ಟನ್ ಆ ನಟ್ಟಿಗೆ ತಾಗಿ ನಿಲ್ಲುತ್ತದೆ. ಇನ್ನೂ ಬಲ ಹಾಕಿದರೆ ಸ್ಕ್ರೂ ಅಥವಾ ಅದರ ಗೇರು ಕೆಟ್ಟು, ಪ್ಯಾಡಿನ ಖರ್ಚಿನಲ್ಲಿ ಮುಗಿಯುವ ಕೆಲಸ ಕ್ಯಾಲಿಪರಿನ ಖರ್ಚಿಗೆ ಹೋಗುತ್ತದೆ. ಬ್ಯಾಟರಿ ಬಿಚ್ಚುವುದರಿಂದ ಮೋಟಾರು ಅಕಸ್ಮಾತ್ ತಿರುಗುವುದಿಲ್ಲ ಎನ್ನುವುದು ನಿಜ, ಆದರೆ ನಟ್ಟು ಇದ್ದಲ್ಲಿಯೇ ಇರುತ್ತದೆ.

ಸರಿಯಾದ ದಾರಿ ಎಂದರೆ ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಹಚ್ಚಿ ಪಾರ್ಕಿಂಗ್ ಬ್ರೇಕನ್ನು ಸರ್ವಿಸ್ ಮೋಡಿಗೆ ಹಾಕುವುದು. ಆಗ ಮೋಟಾರು ತಾನೇ ನಟ್ಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಪಿಸ್ಟನ್ ಒಳಗೆ ಹೋಗಲು ಜಾಗವಾಗುತ್ತದೆ. ಕೆಲವು ಕಾರುಗಳಲ್ಲಿ ಗುಂಡಿ ಮತ್ತು ಪೆಡಲನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಿಯೂ ಇದನ್ನು ಮಾಡಬಹುದು. ನಿಮ್ಮ ಕಾರಿನ ಕ್ರಮವನ್ನು ಅದರ ಸರ್ವಿಸ್ ಪುಸ್ತಕದಿಂದಲೇ ತಿಳಿಯಬೇಕು. ಮೋಟಾರಿಗೆ ನೇರವಾಗಿ 12 ವೋಲ್ಟ್ ಕೊಟ್ಟು ತಿರುಗಿಸುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಎಲ್ಲಿ ನಿಲ್ಲಬೇಕೆಂದು ಹೇಳುವವರು ಆಗ ಯಾರೂ ಇರುವುದಿಲ್ಲ. ನಟ್ಟು ಕೊನೆಗೆ ಬಡಿದು ಸಿಕ್ಕಿಬೀಳಬಹುದು. ಬ್ಯಾಟರಿ ಚಾರ್ಜ್ ಚೆನ್ನಾಗಿರಲಿ. ಸರ್ವಿಸ್ ಮೋಡಿನಲ್ಲಿ ಪಾರ್ಕಿಂಗ್ ಬ್ರೇಕ್ ಹಿಡಿದಿರುವುದಿಲ್ಲವಾದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಇಟ್ಟು, ಜ್ಯಾಕಿನ ಜೊತೆಗೆ ಸ್ಟ್ಯಾಂಡನ್ನೂ ಕೊಟ್ಟ ಮೇಲೆಯೇ ಚಕ್ರ ಬಿಚ್ಚಬೇಕು. ಕ್ಯಾಲಿಪರ್ ಹೊರಗಿರುವಾಗ ಒಳಗೆ ಕುಳಿತವರು ಪೆಡಲನ್ನಾಗಲಿ ಗುಂಡಿಯನ್ನಾಗಲಿ ಮುಟ್ಟಬಾರದು.

ಉತ್ತರ (ಯಾದಗಿರಿಯಿಂದ)

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಒಂದೇ ಕಡೆ ಸದ್ದು ಬರುತ್ತಿದೆ ಎಂದರೆ ಕ್ಯಾಲಿಪರ್ ಜಾರಿ ಸರಿಯುವ ಪಿನ್ನುಗಳನ್ನು ಮೊದಲು ನೋಡಿಸಿ. ನಮ್ಮ ಕಡೆಯ ಫರ್ಸಿ ಕಲ್ಲಿನ ಪುಡಿ ಮತ್ತು ಸಿಮೆಂಟಿನ ಧೂಳಿನ ರಸ್ತೆಗಳಲ್ಲಿ, ಪಿನ್ನಿನ ಮೇಲಿನ ರಬ್ಬರ್ ಹರಿದಿದ್ದರೆ ಧೂಳು ಒಳಗೆ ಸೇರಿ ಪಿನ್ನು ಬಿಗಿಯುತ್ತದೆ. ಆಗ ಪಿಸ್ಟನ್ ಕಡೆಯ ಪ್ಯಾಡ್ ಒಂದೇ ಬೇಗ ಸವೆಯುತ್ತದೆ. ಪಿನ್ನುಗಳಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು, ಸಾಮಾನ್ಯ ಗ್ರೀಸಿನಿಂದ ರಬ್ಬರ್ ಉಬ್ಬುತ್ತದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ, ಅಳೆದು ನೋಡಿ. ಪಿಸ್ಟನ್ ಒಳಗೆ ಹೋದಂತೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮೇಲೇರಿ ಚೆಲ್ಲಬಹುದು, ಅದು ಬಣ್ಣವನ್ನು ಕಿತ್ತುಬಿಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಶರಣಾರ್ಥಿ. ನಿನ್ನೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದೆ. ಕೋರಿಕೊಂಡಿದ್ದಕ್ಕೆ ನಮ್ಮ ಮಿಸ್ತ್ರಿಯವರೂ ಜೊತೆಗೆ ಬಂದಿದ್ದರು. ಎಡಗಡೆಯ ಒಳಗಿನ ಪ್ಯಾಡ್ ತಗಡಿನವರೆಗೆ ಸವೆದಿತ್ತು, ಹೊರಗಿನದು ಅರ್ಧ ಉಳಿದಿತ್ತು; ಕೆಳಗಿನ ಪಿನ್ನು ಯಾದಗಿರಿಯವರು ಹೇಳಿದಂತೆಯೇ ಬಿಗಿದಿತ್ತು. ಆ ಡಿಸ್ಕಿನಲ್ಲಿ ಆಳವಾದ ಗೀರು ಬಿದ್ದಿದ್ದರಿಂದ ಎರಡೂ ಕಡೆಯ ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಬದಲಿಸಿದೆವು. ಜೋಡಿಸಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಸರ್ವಿಸ್ ಮೋಡಿನಿಂದ ಹೊರಗೆ ತಂದು, ಗುಂಡಿಯಿಂದ ಬ್ರೇಕು ಹಿಡಿಸಿ ಬಿಡಿಸಿ ನೋಡಿದರು. ಸದ್ದು ನಿಂತಿದೆ. ನಮ್ಮ ಮಿಸ್ತ್ರಿಯವರು ಈಗ ತಾವೂ ಒಂದು ಸ್ಕ್ಯಾನರ್ ಕೊಳ್ಳುವ ವಿಚಾರದಲ್ಲಿದ್ದಾರೆ. ಬೀದರಿನ ಅಣ್ಣನವರು ಕೊಳ್ಳುವಾಗ ಏನೇನು ನೋಡಬೇಕೆಂದು ತಿಳಿಸಿದರೆ ಅವರಿಗೆ ಓದಿ ಹೇಳುತ್ತೇನೆ.