ಬಿದ್ದಿದ್ದು ಒಂದೇ ಸಲ, ಆದರೆ ಮನೆಯವರೆಲ್ಲ ನನ್ನ ಹಿಂದೆ ಬಿದ್ದಿದ್ದಾರೆ

ಲೆಕ್ಕದ ಟೀಚರ್ ಕೇಳಿದ್ದು:

ನನಗೀಗ 73. ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಯಜಮಾನರು ಹೋಗಿ ನಾಲ್ಕು ವರ್ಷವಾಯಿತು. ಒಬ್ಬಳೇ ಇದ್ದೇನೆ, ಇಷ್ಟಪಟ್ಟೇ ಇದ್ದೇನೆ.

ಎರಡು ತಿಂಗಳ ಹಿಂದೆ ರಾತ್ರಿ ಎರಡೂವರೆಗೆ ಬಚ್ಚಲಿಗೆ ಹೋಗಲು ಎದ್ದೆ. ದೀಪ ಹಾಕಲಿಲ್ಲ. ನನ್ನ ಮನೆ ತಾನೇ, ಕಣ್ಣು ಮುಚ್ಚಿಕೊಂಡೂ ಓಡಾಡುತ್ತೇನೆ ಅನ್ನುವ ಜಂಬ. ಬಾಗಿಲ ಹತ್ತಿರ ಬರುವಷ್ಟರಲ್ಲಿ ತಲೆ ಒಂಥರಾ ತೇಲಿದ ಹಾಗಾಯಿತು. ಕೈಗೆ ಸಿಕ್ಕಿದ್ದು ಟವೆಲ್ ಹಾಕುವ ಸರಳು. ಹಿಡಿದುಕೊಂಡೆ. ಅದು ಸ್ಕ್ರೂ ಸಮೇತ ಗೋಡೆಯಿಂದ ಕಿತ್ತುಕೊಂಡು ನನ್ನ ಜೊತೆಗೇ ಕೆಳಗೆ ಬಂತು.

ಮೂಳೆ ಮುರಿಯಲಿಲ್ಲ. ಸೊಂಟದ ಪಕ್ಕ ಅಂಗೈಯಗಲ ಕಪ್ಪಾಗಿತ್ತು, ಅಷ್ಟೇ. ಆದರೆ ಏಳಲು ಆಗಲಿಲ್ಲ. ಫೋನ್ ಮಂಚದ ಪಕ್ಕದಲ್ಲಿತ್ತು. 40 ನಿಮಿಷ ನೆಲದ ಮೇಲೇ ಇದ್ದೆ. ಕಿಟಕಿಯಿಂದ ಬೀದಿ ದೀಪದ ಬೆಳಕು ಬೀಳುತ್ತಿತ್ತು. ಎದುರಿಗಿನ ಗೋಡೆಯ ಟೈಲ್ಸ್ ಎಣಿಸಿದೆ. ಅಡ್ಡಕ್ಕೆ 9, ಉದ್ದಕ್ಕೆ 14. ಅದರಲ್ಲಿ ಒಂದು ಬಿರುಕು ಬಿಟ್ಟಿದೆ. ಹನ್ನೆರಡು ವರ್ಷದಿಂದ ಇರುವ ಮನೆ, ಆ ಬಿರುಕನ್ನು ಅವತ್ತೇ ನೋಡಿದ್ದು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮಗ ಓಡಿ ಬಂದ. ಬಂದವನು ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿ ಹೋದ. ನನ್ನನ್ನು ಕೇಳಲಿಲ್ಲ. "ನಿನ್ನ ಒಳ್ಳೇದಕ್ಕೇ ಅಮ್ಮ" ಅಂದ. ಮೂರನೇ ದಿನ ನಾನು ಅದರ ಮೇಲೆ ಒಂದು ಟವೆಲ್ ಹೊದಿಸಿದೆ. (ಸರಳು ಕಿತ್ತುಹೋಗಿತ್ತಲ್ಲ, ಟವೆಲಿಗೂ ಜಾಗ ಬೇಕಿತ್ತು.) ನಾಲ್ಕೇ ನಿಮಿಷಕ್ಕೆ ಫೋನ್: "ಅಮ್ಮ, ಕ್ಯಾಮೆರಾ ಯಾಕೆ ಕಪ್ಪಾಗಿದೆ?"

ಮಗಳು ಇಡೀ ದಿನಕ್ಕೆ ಒಬ್ಬಳನ್ನು ಸಹಾಯಕ್ಕೆ ಗೊತ್ತುಮಾಡಿದ್ದಾಳೆ. ಒಳ್ಳೆಯ ಹುಡುಗಿ. ಆದರೆ ನಾನು ಪೊರಕೆ ಹಿಡಿದರೆ ಕಿತ್ತುಕೊಳ್ಳುತ್ತಾಳೆ. "ನೀವು ಕೂತ್ಕೊಳ್ಳಿ ಅಮ್ಮ" ಅನ್ನುವುದನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ಮೊದಲು ದಿನಾ ಎರಡು ಸಲ ತಾರಸಿಗೆ ಹತ್ತಿ ಇಳಿಯುತ್ತಿದ್ದೆ. ಈಗ ತಾರಸಿಯ ಕೀ ಮಗಳ ಪರ್ಸಿನಲ್ಲಿದೆ. ಕೂತು ಕೂತು ಮಂಡಿ ಹಿಡಿದುಕೊಂಡಿದೆ.

ಮಕ್ಕಳು ಕೆಟ್ಟವರಲ್ಲ. ಬಿದ್ದಿದ್ದು ಸಣ್ಣ ವಿಷಯ ಅಂತಲೂ ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಇಷ್ಟೇ. ಇದರಲ್ಲಿ ನನಗೆ ನಿಜವಾಗಿ ಬೇಕಾದ ಸಹಾಯ ಎಷ್ಟು, ಅವರ ಭಯ ಎಷ್ಟು? ಜಗಳವಾಗದ ಹಾಗೆ ಅದನ್ನು ಹೇಳುವುದು ಹೇಗೆ? ಒಬ್ಬರೇ ಇರುವವರೂ ಹೇಳಿ, ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರುವವರೂ ಹೇಳಿ. "ವಯಸ್ಸಾದ ಮೇಲೆ ಹೊಂದಿಕೊಂಡು ಹೋಗಬೇಕು" ಅನ್ನುವ ಉತ್ತರ ಮಾತ್ರ ಬೇಡ. ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.

ಫಿಸಿಯೋ, ಸಂಜೆ ಪಾಳಿ:

ಟೀಚರ್, ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಹೆಚ್ಚಾಗಿ ನಿಮ್ಮ ವಯಸ್ಸಿನವರ ಜೊತೆಗೇ ಕೆಲಸ.

ನೀವು ಬರೆದಿದ್ದರಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಟವೆಲ್ ಸರಳಲ್ಲ, "ತಲೆ ತೇಲಿದ ಹಾಗಾಯಿತು" ಅನ್ನುವ ಮಾತು. ಕ್ಯಾಮೆರಾ ನೀವು ಬೀಳುವುದನ್ನು ತೋರಿಸುತ್ತದೆ, ತಡೆಯುವುದಿಲ್ಲ. ಯಾಕೆ ಬಿದ್ದಿರಿ ಅಂತ ಇದುವರೆಗೆ ಯಾರಾದರೂ ನೋಡಿದ್ದಾರಾ? ಐದು ನಿಮಿಷ ಮಲಗಿ ಬಿಪಿ ನೋಡಿಸಿಕೊಳ್ಳಿ. ಎದ್ದು ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಕೂತಲ್ಲೇ ಒಂದು ಸಲ ನೋಡಿದರೆ ಇದು ಗೊತ್ತೇ ಆಗುವುದಿಲ್ಲ.

ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ನೆಗಡಿಗೆ ತಾವಾಗಿ ತಗೊಳ್ಳುವ ಮಾತ್ರೆ, ಎಲ್ಲ. ಹಿರಿಯರಿಗೆ ಹುಷಾರಾಗಿ ಕೊಡಬೇಕಾದ ಔಷಧಿಗಳಿಗೆ ಬಿಯರ್ಸ್ ಪಟ್ಟಿ ಅಂತ ಒಂದಿದೆ, 1991ರಲ್ಲಿ ಮೊದಲು ಬಂದಿದ್ದು. ಆಗಾಗ ಪರಿಷ್ಕರಿಸುತ್ತಾರೆ. ನಿದ್ದೆ ಮಾತ್ರೆಗಳೂ, ನಿದ್ದೆ ತರಿಸುವ ಹಳೆಯ ಅಲರ್ಜಿ ಮಾತ್ರೆಗಳೂ ಅದರಲ್ಲಿವೆ. ಆದರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಕಾಲಿನ ಬಲ. ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಕೈ ಎರಡನ್ನೂ ಎದೆಯ ಮೇಲೆ ಅಡ್ಡ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ಪಕ್ಕದಲ್ಲಿ ಒಬ್ಬರು ಇರಲಿ. ನಿಮ್ಮ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಕಡಿಮೆ ಬಂದರೆ ಬೇಜಾರಾಗಬೇಡಿ, ಅದು ಏರುತ್ತದೆ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ವ್ಯಾಯಾಮಗಳನ್ನು ರೂಪಿಸಿದರು. ಕಾಲಿಗೆ ಸ್ವಲ್ಪ ಭಾರ ಕಟ್ಟಿ ಎತ್ತುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಗೆರೆಯ ಮೇಲೆ ನಡೆಯುವ ಹಾಗೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವುದು, ಇಂಥವು. ಮಾಡಿದವರಲ್ಲಿ ಬೀಳುವುದು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ, ಬಲ ಎರಡಕ್ಕೂ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಾಗಾಗಿ ಆ ಹುಡುಗಿಯಿಂದ ಪೊರಕೆ ವಾಪಸ್ ಇಸ್ಕೊಳ್ಳಿ!

ಕೊನೆಯದು, ನೆಲದಿಂದ ಏಳುವುದು. ಇದನ್ನು ಯಾರೂ ಕಲಿಸುವುದಿಲ್ಲ. ನೇರವಾಗಿ ಎದ್ದು ಕೂರಲು ಹೋಗಬೇಡಿ, ಎಲ್ಲರೂ ಸೋಲುವುದು ಅಲ್ಲೇ. ಮೊದಲು ಪಕ್ಕಕ್ಕೆ ಹೊರಳಿ. ಮೊಣಕೈ ಊರಿ, ಆಮೇಲೆ ಅಂಗೈ ಊರಿ. ಮಗುವಿನ ಹಾಗೆ ಅಂಬೆಗಾಲಿಗೆ ಬನ್ನಿ. ಹಾಗೇ ಗಟ್ಟಿಯಾದ ಕುರ್ಚಿಯ ಹತ್ತಿರ ಹೋಗಿ ಎರಡೂ ಕೈ ಅದರ ಮೇಲೆ ಇಡಿ. ಬಲ ಜಾಸ್ತಿ ಇರುವ ಕಾಲನ್ನು ಮುಂದೆ ತಂದು ಪಾದ ಊರಿ. ಕೈಯಲ್ಲಿ ಒತ್ತುತ್ತಾ ಎದ್ದು, ತಿರುಗಿ ಕುರ್ಚಿಯಲ್ಲಿ ಕೂತುಬಿಡಿ. ತಕ್ಷಣ ನಡೆಯಬೇಡಿ. ಇದನ್ನು ಫಿಸಿಯೋ ಇರುವಾಗ ಅಭ್ಯಾಸ ಮಾಡಿ. ನಿಜವಾಗಿ ಬಿದ್ದಾಗ ಸೊಂಟ ಅಥವಾ ಕಾಲು ಜೋರಾಗಿ ನೋಯುತ್ತಿದ್ದರೆ ಏಳಲು ಹೋಗಬೇಡಿ, ಯಾರನ್ನಾದರೂ ಕರೆಯಿರಿ. ಗಂಟೆಗಟ್ಟಲೆ ನೆಲದಲ್ಲೇ ಇದ್ದರೆ ಮೂಳೆ ಮುರಿಯದಿದ್ದರೂ ಸ್ನಾಯುಗಳಿಗೆ, ಕಿಡ್ನಿಗೆ ಪೆಟ್ಟಾಗಬಹುದು. ರಾತ್ರಿ ಎದ್ದರೆ ಫೋನ್ ನಿಮ್ಮ ಜೊತೆಗೇ ಬರಲಿ.

ಅಂದ ಹಾಗೆ, ಟವೆಲ್ ಸರಳು ಟವೆಲಿಗೆ ಮಾತ್ರ. ಮನುಷ್ಯರ ಭಾರ ತಡೆಯುವ ಹಿಡಿಕೆ ಬೇರೆ ಸಿಗುತ್ತದೆ, ಅದನ್ನು ಗೋಡೆಗೆ ಆಳವಾಗಿ ಕೂರಿಸಬೇಕು.

ಅಪ್ಪನ ಮಗ:

ಮೇಡಂ, ನಾನು ನಿಮ್ಮ ಮಗನ ಕಡೆಯವನು. ಕ್ಯಾಮೆರಾ ನಾನೂ ಹಾಕಿಸಿದ್ದೆ.

ನಮ್ಮಪ್ಪನಿಗೆ 81. ಬೆರಳು ಸ್ವಲ್ಪ ನಡುಗುತ್ತದೆ. ಅಂಗಿಯ ಆರು ಗುಂಡಿ ಹಾಕಿಕೊಳ್ಳಲು ಅವರಿಗೆ ನಾಲ್ಕು ನಿಮಿಷ ಬೇಕು. ನನಗೆ 20 ಸೆಕೆಂಡು. ಬೆಳಿಗ್ಗೆ ನನಗೆ ಆಫೀಸಿನ ಆತುರ, ನಾನೇ ಹಾಕುತ್ತಿದ್ದೆ. ಆರು ತಿಂಗಳಾಗಿರಬೇಕು. ಒಂದು ದಿನ ತಡವಾಗಿ ಕೋಣೆಗೆ ಹೋದೆ. ಅಪ್ಪ ಅಂಗಿ ತೊಟ್ಟು, ಗುಂಡಿ ಹಾಕದೆ, ಎರಡೂ ಕೈ ಪಕ್ಕಕ್ಕೆ ಬಿಟ್ಟುಕೊಂಡು ಸುಮ್ನೆ ನಿಂತಿದ್ದರು. ಎಷ್ಟು ಹೊತ್ತಿಂದ ನಿಂತಿದ್ದರೋ. ಪ್ರಯತ್ನ ಕೂಡ ಮಾಡಿರಲಿಲ್ಲ. ಅವರ ಬೆರಳಲ್ಲಿ ಉಳಿದಿದ್ದ ಅಷ್ಟು ಕೆಲಸವನ್ನೂ ನಾನೇ ಕಿತ್ತುಕೊಂಡಿದ್ದೆ.

ಆಮೇಲೆ ಓದಿದ್ದು: ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ ಒಂದೊಂದು ಗಿಡ ಕೊಟ್ಟು "ನೀವೇ ನೋಡಿಕೊಳ್ಳಿ, ನಿಮ್ಮ ಕೋಣೆ ಹೇಗಿರಬೇಕು ನೀವೇ ಹೇಳಿ" ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್ ಕೆಲಸ. ಮೂರು ವಾರ ಕಳೆಯುವಷ್ಟರಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿದ್ದರು, ಖುಷಿಯಾಗಿದ್ದರು. ಚಿಕ್ಕ ಪ್ರಯೋಗ, ಅದರ ಮೇಲೆ ತಕರಾರುಗಳೂ ಇವೆ. ಆದರೆ ನನಗೆ ಗುಂಡಿಯ ವಿಷಯ ಅರ್ಥವಾಗಲು ಅಷ್ಟು ಸಾಕಾಯಿತು. ಈಗ 15 ನಿಮಿಷ ಮುಂಚೆ ಏಳುತ್ತೇನೆ. ಅಪ್ಪ ಗುಂಡಿ ಹಾಕಿಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ಕೂತು ಪೇಪರ್ ಓದುತ್ತೇನೆ. ಕೈ ಹಾಕದೆ ಕೂರುವುದು ಎಷ್ಟು ಕಷ್ಟ ಅಂತ ನಿಮ್ಮ ಮಗನಿಗೂ ಗೊತ್ತಾಗಬೇಕು.

ಆದರೆ ಅವನ ಕಷ್ಟವನ್ನೂ ಕೇಳಿ. ಆ ಕ್ಯಾಮೆರಾ ಅವನ ನಿದ್ದೆಗೆ ಹಾಕಿಸಿಕೊಂಡಿದ್ದು. ಸುಮ್ನೆ ತೆಗಿ ಅಂದರೆ ತೆಗೆಯುವುದಿಲ್ಲ. ಅದರ ಬದಲಿಗೆ ಏನಾದರೂ ಕೊಡಬೇಕು. ನಾವು ಮಾಡಿಕೊಂಡಿದ್ದು ಇದು: ದಿನಾ ಇಂಥ ಹೊತ್ತಿಗೆ ಅಪ್ಪ ಒಂದು ಮೆಸೇಜ್ ಹಾಕುತ್ತಾರೆ. ಅರ್ಧ ಗಂಟೆ ತಡವಾದರೆ ನಾನು ಫೋನ್ ಮಾಡುತ್ತೇನೆ. ಎತ್ತದಿದ್ದರೆ ಬಾಗಿಲ ಕೀ ಇಟ್ಟುಕೊಂಡಿರುವ ಪಕ್ಕದ ಮನೆಯವರಿಗೆ ಹೇಳುತ್ತೇನೆ. ಕ್ಯಾಮೆರಾ ಈಗ ಡಬ್ಬದಲ್ಲಿದೆ.

ಎಂಬತ್ತರ ಹೊಸ್ತಿಲು:

ನನಗೆ 79. ಎರಡೇ ಮಾತು.

ನಿಮ್ಮದು ಬೈಫೋಕಲ್ ಕನ್ನಡಕವೇ? ತಾರಸಿಯಿಂದ ಇಳಿಯುವಾಗ ಅದರ ಕೆಳಭಾಗದಿಂದ ನೋಡಿದರೆ ಮೆಟ್ಟಿಲ ಅಂಚು ಮಸುಕಾಗುತ್ತದೆ. ಹತ್ತಿರದ್ದನ್ನು ಓದಲು ಮಾಡಿದ ಗಾಜು ಅದು. ನಾನು ಓಡಾಡಲು ದೂರದ ಕನ್ನಡಕ ಬೇರೆ ಇಟ್ಟುಕೊಂಡಿದ್ದೇನೆ.

ಇನ್ನೊಂದು, ಕಿವಿ. ಗೆಳೆಯರೆಲ್ಲ ಕಡಿಮೆಯಾದರು ಅಂದುಕೊಂಡಿದ್ದೆ. ಕಡಿಮೆಯಾಗಿದ್ದು ನನ್ನ ಕಿವಿ. ನಾಲ್ಕು ಜನ ಸೇರಿದ ಕಡೆ ಮಾತು ಸಿಗದೆ ಹೋಗುವುದನ್ನೇ ಬಿಟ್ಟಿದ್ದೆ. ಮರೆವಿನ ಕಾಯಿಲೆಗೆ ನಾವು ತಡೆಯಲು ನೋಡಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಒಂಟಿಯಾಗುವುದು ಎರಡೂ ಅದರಲ್ಲಿವೆ. ಕಿವಿಗೆ ಯಂತ್ರ ಹಾಕಿಸಿಕೊಂಡ ಮೊದಲ ವಾರ ನನ್ನ ಚಪ್ಪಲಿ ಸದ್ದಿಗೇ ಸಿಟ್ಟು ಬರುತ್ತಿತ್ತು. ಅದು ಒಗ್ಗಲು ಎರಡು ತಿಂಗಳು ಬೇಕಾಯಿತು. ಡ್ರಾಯರಿಗೆ ಹಾಕಿ ಮರೆಯುವವರೇ ಜಾಸ್ತಿ, ಹಾಗೆ ಮಾಡಬೇಡಿ.

ಲೆಕ್ಕದ ಟೀಚರ್, ಮೂರು ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ವರದಿ ಒಪ್ಪಿಸುತ್ತೇನೆ.

ಮಲಗಿದಾಗ ಬಿಪಿ 138. ನಿಂತಾಗ 112. ವ್ಯತ್ಯಾಸ 26. ಡಾಕ್ಟರ್ ಚೀಲ ಸುರಿದು ನೋಡಿ, ರಾತ್ರಿಯ ಒಂದು ಮಾತ್ರೆ ಬದಲಾಯಿಸಿದರು. ನಿದ್ದೆ ಮಾತ್ರೆಯನ್ನು ನಿಧಾನಕ್ಕೆ ಇಳಿಸಿ ಬಿಡಿಸುತ್ತಿದ್ದಾರೆ. ಕುರ್ಚಿ ಪರೀಕ್ಷೆಯಲ್ಲಿ ಪಾಸಾಗಲು 10, ನನಗೆ ಬಂದಿದ್ದು 8. ಅಷ್ಟು ವರ್ಷ ಮಕ್ಕಳನ್ನು ಫೇಲ್ ಮಾಡಿದವಳು, ನಗು ಬಂತು.

ಮಕ್ಕಳ ಜೊತೆ ಕೂತು ಮಾತಾಡಿದೆ. ಅಂಬೆಗಾಲಿಟ್ಟು ಕುರ್ಚಿ ಹಿಡಿದು ಏಳುವುದನ್ನು ಮಾಡಿ ತೋರಿಸಿದೆ. ಮಗಳು ಮೊದಲು ಅತ್ತಳು, ಆಮೇಲೆ ವಿಡಿಯೋ ಮಾಡಿಕೊಂಡಳು. ಈಗ ಆ ಹುಡುಗಿ ಬೆಳಿಗ್ಗೆ ಮಾತ್ರ ಬರುತ್ತಾಳೆ, ಪೊರಕೆ ನನ್ನದು. ಬಚ್ಚಲಲ್ಲಿ ಎರಡು ಹಿಡಿಕೆ ಬಂದಿವೆ, ದಾರಿಯಲ್ಲಿ ರಾತ್ರಿ ದೀಪ ಉರಿಯುತ್ತದೆ. ತಾರಸಿಯ ಕೀ ಮಾತ್ರ ಇನ್ನೂ ಮಗಳ ಹತ್ತಿರವೇ ಇದೆ. ಕುರ್ಚಿಯಲ್ಲಿ 10 ಬಂದ ದಿನ ಕೊಡುತ್ತಾಳಂತೆ. ಇವತ್ತು 9 ಬಂತು.

ಕ್ಯಾಮೆರಾ ಹೋಯಿತು. ಅದರ ಬದಲು ಬೆಳಿಗ್ಗೆ 7ಕ್ಕೆ ಮಗನಿಗೆ ಒಂದು ಲೆಕ್ಕ ಕಳಿಸುತ್ತೇನೆ. 7.30ರವರೆಗೆ ಲೆಕ್ಕ ಬರದಿದ್ದರೆ ಅವನು ಫೋನ್ ಮಾಡಬೇಕು. ಇವತ್ತಿನದಕ್ಕೆ ತಪ್ಪು ಉತ್ತರ ಕಳಿಸಿದ್ದಾನೆ. ಮತ್ತೆ ಮಾಡು ಅಂದಿದ್ದೇನೆ.