ಓದಿದ್ದು ಉತ್ತರಪತ್ರಿಕೆಗೆ ಇಳಿಯಬೇಕಾದರೆ ಏನು ಮಾಡಿಸಬೇಕು? ಅನುಭವಸ್ಥರು ತಿಳಿಸಿ

ಪ್ರಶ್ನೆ ಕೇಳಿದವರು, ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ:

ನನ್ನ ತರಗತಿಯ ಮಕ್ಕಳು ಓದುವುದಿಲ್ಲ ಎಂದು ನಾನು ಹೇಳಲಾರೆ. ಒಂದೇ ಪಾಠವನ್ನು ಮತ್ತೆ ಮತ್ತೆ ಓದುತ್ತಾರೆ, ಪುಸ್ತಕದ ತುಂಬ ಬಣ್ಣದ ಗೆರೆ ಎಳೆಯುತ್ತಾರೆ, ನೋಟ್ಸ್ ಅಚ್ಚುಕಟ್ಟಾಗಿರುತ್ತದೆ. ಪತ್ರಿಕೆ ತಿದ್ದಲು ಕುಳಿತರೆ ಓದಿದ ಕುರುಹೇ ಕಾಣುವುದಿಲ್ಲ. “ಗೊತ್ತಿತ್ತು ಮೇಡಂ, ಬರೆಯುವಾಗ ಹೊಳೆಯಲಿಲ್ಲ” ಎನ್ನುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತು. ಓದುವುದು, ಟಿಪ್ಪಣಿ ಮಾಡಿಕೊಳ್ಳುವುದು, ಪರೀಕ್ಷೆ ಬರೆಯುವುದು, ಈ ಮೂರನ್ನೂ ಮಕ್ಕಳಿಗೆ ಹೇಗೆ ಕಲಿಸುತ್ತೀರಿ? ಕೇಳಿದ್ದಕ್ಕಿಂತ ಮಾಡಿ ನೋಡಿದ್ದನ್ನು ಹೇಳಿದರೆ ಉಪಕಾರ.

ನಿವೃತ್ತ ಶಿಕ್ಷಕರೊಬ್ಬರು:

ಮೇಡಂ, “ಗೊತ್ತಿತ್ತು” ಎಂಬ ಆ ಮಾತಿನಲ್ಲೇ ಉತ್ತರವಿದೆ. ನಾಲ್ಕನೆಯ ಸಲ ಓದುವಾಗ ಪ್ರತಿ ಸಾಲೂ ಪರಿಚಿತವೆನಿಸುತ್ತದೆ. ಈ ಪರಿಚಯವನ್ನೇ ಮಗು ಕಲಿತದ್ದು ಎಂದು ತಿಳಿಯುತ್ತದೆ. ಪರೀಕ್ಷೆಯಲ್ಲಿ ಪುಸ್ತಕ ಎದುರಿಗಿರುವುದಿಲ್ಲ, ತಾನಾಗಿ ನೆನಪಿಸಿಕೊಳ್ಳಬೇಕು. ಆ ಕೆಲಸವನ್ನು ಅದು ಅದುವರೆಗೆ ಒಮ್ಮೆಯೂ ಮಾಡಿರುವುದಿಲ್ಲ.

ನಾನು ಮಾಡಿಸುತ್ತಿದ್ದದ್ದು ಇಷ್ಟೇ. ಪಾಠ ಮುಗಿಯಲು ಹತ್ತು ನಿಮಿಷ ಇರುವಾಗ ಪುಸ್ತಕ, ನೋಟ್ಸ್ ಎಲ್ಲವನ್ನೂ ಮುಚ್ಚಿಸುವುದು. ಖಾಲಿ ಹಾಳೆಯಲ್ಲಿ ಈ ಹೊತ್ತು ಕೇಳಿದ್ದನ್ನು ನೆನಪಿದ್ದಷ್ಟು ಬರೆಸುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಲು ಹೇಳುವುದು. ಅಂಕ ಕೊಡುತ್ತಿರಲಿಲ್ಲ, ಹಾಳೆಯನ್ನು ಕೇಳಿ ಪಡೆಯುತ್ತಲೂ ಇರಲಿಲ್ಲ. ಆ ಎರಡನೆಯ ಬಣ್ಣ ಎಲ್ಲೆಲ್ಲಿದೆಯೋ ಅದಷ್ಟೇ ಆ ಮಗು ಮನೆಯಲ್ಲಿ ಓದಬೇಕಾದದ್ದು. ಮೊದಮೊದಲು ಮಕ್ಕಳು ಬೇಸರಪಡುತ್ತಾರೆ, ಕೆಲವರು ಎರಡು ಸಾಲು ಬರೆದು ಪೆನ್ನು ಕೆಳಗಿಡುತ್ತಾರೆ. ಬಿಡಬೇಡಿ. ನೆನಪಿಸಿಕೊಳ್ಳಲು ತಿಣುಕುವ ಆ ಹೊತ್ತಿನಲ್ಲೇ ವಿಷಯ ಗಟ್ಟಿಯಾಗುವುದು.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಗದ್ಯಭಾಗವೊಂದನ್ನು ಕೆಲವರು ಎರಡು ಸಲ ಓದಿದರು, ಉಳಿದವರು ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಅವರದು ಶೇ. 81, ಇವರದು ಶೇ. 75. ಒಂದು ವಾರ ಕಳೆದ ಮೇಲೆ ಓದಿದವರು ಶೇ. 42ಕ್ಕೆ ಇಳಿದರು, ನೆನಪಿನಿಂದ ಬರೆದವರು ಶೇ. 56ರಲ್ಲಿ ನಿಂತರು. ಹಿಂದಿನ ರಾತ್ರಿ ಓದಿ ಬೆಳಿಗ್ಗೆ ಬರೆಯುವ ಮಗುವಿಗೆ ಮರು ಓದೇ ಸಾಕೆನಿಸುವುದು ಏಕೆ, ವಾರ್ಷಿಕ ಪರೀಕ್ಷೆಯಲ್ಲಿ ಅದೇ ಮಗು ಕೈಚೆಲ್ಲುವುದು ಏಕೆ ಎಂಬುದು ಈ ಎರಡು ಜೋಡಿ ಅಂಕಿಗಳಲ್ಲಿ ಕಾಣುತ್ತದೆ. ನಾನಂತೂ ಇವನ್ನು ಮಕ್ಕಳ ಮುಂದೆಯೇ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಕಾರಣ ತಿಳಿದರೆ ಅವರು ಕಷ್ಟಕ್ಕೆ ಒಪ್ಪುತ್ತಾರೆ.

ಕಾಲೇಜು ಉಪನ್ಯಾಸಕಿ:

ಟಿಪ್ಪಣಿಯ ಬಗ್ಗೆ ನಾನು ಹೇಳುತ್ತೇನೆ. ಬೋರ್ಡಿನಲ್ಲಿದ್ದದ್ದನ್ನು ಇಳಿಸಿಕೊಳ್ಳುವುದು ನಕಲು, ಅದಕ್ಕೆ ಕೈ ಸಾಕು, ತಲೆ ಬೇಕಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಅವರು 1950ರ ದಶಕದಲ್ಲಿ ರೂಪಿಸಿದ ಪದ್ಧತಿ ನನ್ನ ತರಗತಿಯಲ್ಲಿ ಚೆನ್ನಾಗಿ ನಡೆದಿದೆ. ಪುಟದ ಎಡಗಡೆ ಮೂರನೇ ಒಂದು ಭಾಗದಷ್ಟು ಅಗಲ ಬಿಟ್ಟು ಉದ್ದಕ್ಕೆ ಗೆರೆ ಎಳೆಯಿರಿ, ಕೆಳಗೆ ನಾಲ್ಕೈದು ಸಾಲಿನ ಜಾಗ ಬಿಡಿ. ಪಾಠ ನಡೆಯುವಾಗ ಬಲಗಡೆ ಮಾತ್ರ ಬರೆಯಬೇಕು, ಅದೂ ತುಂಡು ವಾಕ್ಯಗಳಲ್ಲಿ.

ಒಂದು ಪುಟ ಹೀಗಿರುತ್ತದೆ. ಬಲಗಡೆ: “ಅಪಧಮನಿ: ಹೃದಯದಿಂದ ಹೊರಕ್ಕೆ. ಒತ್ತಡ ಹೆಚ್ಚು. ಭಿತ್ತಿ ದಪ್ಪ. ಅಭಿಧಮನಿ: ಹೃದಯದ ಕಡೆಗೆ. ಒತ್ತಡ ಕಡಿಮೆ. ಕವಾಟ ಇದೆ.” ಅದೇ ಸಂಜೆ ಎಡಗಡೆ ಮಗು ತಾನೇ ಪ್ರಶ್ನೆ ಬರೆಯಬೇಕು: “ಅಪಧಮನಿಯ ಭಿತ್ತಿ ದಪ್ಪವೇಕೆ? ಅಭಿಧಮನಿಗೆ ಕವಾಟ ಏಕೆ ಬೇಕು?” ಕೆಳಗೆ ತನ್ನ ಮಾತಿನಲ್ಲಿ ಎರಡು ಸಾಲಿನ ಸಾರಾಂಶ. ಮುಂದೆ ಓದಲು ಕುಳಿತಾಗ ಬಲಗಡೆಯನ್ನು ಒಂದು ಹಾಳೆಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ, ಆಮೇಲೆ ಹಾಳೆ ಸರಿಸಿ ನೋಡುವುದು. ಹಿರಿಯರು ಮೇಲೆ ಹೇಳಿದ ಅಭ್ಯಾಸವೇ ಇಲ್ಲಿ ನೋಟ್ಸಿನೊಳಗೆ ಕುಳಿತಿದೆ. ಪ್ರಶ್ನೆ ಬರೆಯುವುದನ್ನು ಮಾತ್ರ ನೀವು ಬೋರ್ಡಿನ ಮೇಲೆ ಕೆಲವು ಸಲ ಮಾಡಿ ತೋರಿಸಬೇಕಾಗುತ್ತದೆ. ಆರಂಭದಲ್ಲಿ ಎಲ್ಲರೂ “ಅಪಧಮನಿ ಎಂದರೇನು?” ಎಂದೇ ಬರೆಯುತ್ತಾರೆ. “ಏಕೆ”, “ಹೇಗೆ” ಬರಲು ಸಮಯ ಹಿಡಿಯುತ್ತದೆ.

ಬಣ್ಣದ ಗೆರೆಗಳ ಬಗ್ಗೆಯೂ ಒಂದು ಮಾತು. ಡನ್ಲೋಸ್ಕಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಓದಿನ ಹತ್ತು ವಿಧಾನಗಳನ್ನು ಪರಿಶೀಲಿಸಿದಾಗ ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಎರಡೂ ಕಡಿಮೆ ಉಪಯೋಗದ ಸಾಲಿಗೆ ಸೇರಿದವು. ಸ್ವಯಂ ಪರೀಕ್ಷೆ ಮತ್ತು ಬಿಡುವು ಕೊಟ್ಟು ಓದುವುದು ಮೇಲಿನ ಸ್ಥಾನ ಪಡೆದವು.

ಗಣಿತ ಶಿಕ್ಷಕರು:

ಗಣಿತದಲ್ಲಿ ತೊಂದರೆ ಬೇರೆ ರೂಪದ್ದು. ಒಂದು ಅಧ್ಯಾಯದ ಲೆಕ್ಕಗಳನ್ನೆಲ್ಲ ಸಾಲಾಗಿ ಮಾಡಿದ ಮಗುವಿಗೆ ಯಾವ ಸೂತ್ರ ಹಾಕಬೇಕೆಂದು ಯೋಚಿಸುವ ಅಗತ್ಯವೇ ಬಂದಿರುವುದಿಲ್ಲ, ಅಧ್ಯಾಯದ ಹೆಸರೇ ಅದನ್ನು ಹೇಳಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅಧ್ಯಾಯದ ಹೆಸರು ಇರುವುದಿಲ್ಲ. ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಘನಾಕೃತಿಗಳ ಘನಫಲದ ಲೆಕ್ಕಗಳನ್ನು ಒಂದು ಗುಂಪು ಬಗೆಬಗೆಯಾಗಿ ವಿಂಗಡಿಸಿ ಮಾಡಿತು, ಇನ್ನೊಂದು ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ. 89, ಎರಡನೆಯದು ಶೇ. 60 ಸರಿ ಮಾಡಿತು. ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ. 20, ಎರಡನೆಯದು ಶೇ. 63.

ಹಾಗಾಗಿ ನಾನು ಕೊಡುವ ಮನೆಗೆಲಸದಲ್ಲಿ ಅರ್ಧ ಈ ವಾರದ್ದು, ಅರ್ಧ ಹಳೆಯ ಅಧ್ಯಾಯಗಳದ್ದು. ಪೋಷಕರಿಗೆ ಮೊದಲೇ ತಿಳಿಸಿಬಿಡಿ. ತಪ್ಪುಗಳು ಹೆಚ್ಚುವುದನ್ನು ನೋಡಿ ಅವರು ಗಾಬರಿಯಾಗುತ್ತಾರೆ.

ಒಬ್ಬ ತಾಯಿ:

ನಾನು ಶಿಕ್ಷಕಿಯಲ್ಲ, ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಗನಿಗೆ ವೇಳಾಪಟ್ಟಿ ಹಾಕುವಾಗ ಒಂದು ವಿಷಯಕ್ಕೆ ಒಂದು ದಿನ ಎಂದು ಇಡುವುದನ್ನು ನಿಲ್ಲಿಸಿದೆವು. ಇಂದು ಕಲಿತದ್ದನ್ನು ನಾಳೆ ಸ್ವಲ್ಪ, ಮೂರ್ನಾಲ್ಕು ದಿನ ಬಿಟ್ಟು ಸ್ವಲ್ಪ, ಮುಂದಿನ ವಾರ ಇನ್ನೊಮ್ಮೆ. ಪ್ರಶ್ನೆ ಒಂದು ಬದಿ, ಉತ್ತರ ಇನ್ನೊಂದು ಬದಿ ಇರುವ ಚೀಟಿಗಳನ್ನು ಅವನೇ ಬರೆಯುತ್ತಾನೆ. ಚೀಟಿಗಳಿಗೆ ಎರಡು ಡಬ್ಬಿ. ಸರಿ ಹೇಳಿದ ಚೀಟಿ ಎರಡನೆಯ ಡಬ್ಬಿಗೆ ಹೋಗುತ್ತದೆ, ಅದು ತಡವಾಗಿ ತಿರುಗಿ ಬರುತ್ತದೆ. ತಪ್ಪಿದ್ದು ಮೊದಲ ಡಬ್ಬಿಯಲ್ಲೇ ಉಳಿದು ಮರುದಿನ ಮತ್ತೆ ಬರುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಬೇಕು, ರಾತ್ರಿ ನಿದ್ದೆಗೆಡಬಾರದು. ಈ ಎರಡರಲ್ಲಿ ನಮ್ಮ ಮನೆಯಲ್ಲಿ ರಿಯಾಯಿತಿ ಇಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಮನಸಾರೆ ಧನ್ಯವಾದ. ಇನ್ನೊಂದು ಸಂಗತಿ ಕೇಳಬೇಕಿತ್ತು. ಒಬ್ಬ ಹುಡುಗಿ ತರಗತಿಯಲ್ಲಿ ಥಟ್ಟನೆ ಉತ್ತರ ಹೇಳುತ್ತಾಳೆ, ಪ್ರಶ್ನೆಪತ್ರಿಕೆ ಕೈಗೆ ಬಂದರೆ ಬೆವರುತ್ತಾಳೆ. ಸಮಯವೂ ಸಾಲುವುದಿಲ್ಲ. ಅವಳಿಗೆ ಏನು ಮಾಡಲಿ?

ಆಪ್ತ ಸಮಾಲೋಚಕಿ:

“ಹೆದರಬೇಡ” ಎಂದು ಮಾತ್ರ ಹೇಳಬೇಡಿ, ಹೆದರುವುದೂ ತನ್ನದೇ ತಪ್ಪು ಎಂದು ಅವಳಿಗೆ ಅನಿಸುತ್ತದೆ. ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಆತಂಕವನ್ನೇ ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು, ಅದರಲ್ಲೂ ಹೆಚ್ಚು ಹೆದರುವವರು, ಉತ್ತಮವಾಗಿ ಬರೆದರು. ಖರ್ಚಿಲ್ಲದ ಉಪಾಯ, ಮಾಡಿ ನೋಡಿ. ಇದರ ಜೊತೆಗೆ ಅಂಕವಿಲ್ಲದ ಕಿರುಪರೀಕ್ಷೆಗಳು ಪದೇ ಪದೇ ನಡೆಯುತ್ತಿದ್ದರೆ ಪರೀಕ್ಷೆ ಎಂಬುದೇ ಅವಳಿಗೆ ರೂಢಿಯಾಗುತ್ತದೆ. ಅಷ್ಟಾದರೂ ಊಟ, ನಿದ್ದೆ ಕೆಡುವಷ್ಟು ಭಯವಿದ್ದರೆ ಪೋಷಕರೊಡನೆ ಮಾತನಾಡಿ, ತಜ್ಞರ ನೆರವು ಪಡೆಯಿರಿ.

ನಿವೃತ್ತ ಶಿಕ್ಷಕರು, ಮತ್ತೆ:

ಸಮಯದ ಲೆಕ್ಕವನ್ನು ಅವಳಿಗೆ ಮೊದಲೇ ಮಾಡಿಸಿಡಿ. ಮೂರು ಗಂಟೆಯ, 80 ಅಂಕಗಳ ಪತ್ರಿಕೆ ಎಂದಿಟ್ಟುಕೊಳ್ಳಿ. ಪ್ರಶ್ನೆ ಓದಲು 10 ನಿಮಿಷ, ಕೊನೆಗೆ ತಿರುಗಿ ನೋಡಲು 10 ನಿಮಿಷ ಕಳೆದರೆ 160 ನಿಮಿಷ ಉಳಿಯುತ್ತದೆ, ಅಂದರೆ ಅಂಕಕ್ಕೆ ಎರಡು ನಿಮಿಷ. ನಾಲ್ಕು ಅಂಕದ ಪ್ರಶ್ನೆಗೆ ಎಂಟು ನಿಮಿಷ ಆಯಿತೆಂದರೆ ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು. ಗೊತ್ತಿರುವುದರಿಂದ ಆರಂಭಿಸಲಿ, ಕೈ ಹರಿಯತೊಡಗಿದರೆ ಬೆವರು ತಾನಾಗಿ ನಿಲ್ಲುತ್ತದೆ.

ಪ್ರಶ್ನೆಯ ಕ್ರಿಯಾಪದಕ್ಕೆ ಸುತ್ತು ಹಾಕುವ ಅಭ್ಯಾಸ ಮಾಡಿಸಿ. “ಕಾರಣ ಕೊಡಿ” ಎಂದಲ್ಲಿ ಮಕ್ಕಳು ವಿವರಣೆ ಬರೆಯುತ್ತಾರೆ, “ವ್ಯತ್ಯಾಸ ತಿಳಿಸಿ” ಎಂದಲ್ಲಿ ಎರಡು ಪ್ರತ್ಯೇಕ ವ್ಯಾಖ್ಯೆ ಬರೆದು ಹೋಲಿಸುವುದನ್ನೇ ಬಿಡುತ್ತಾರೆ. ಅಪಧಮನಿಯ ಭಿತ್ತಿ ದಪ್ಪವೇಕೆ ಎಂದು ಕೇಳಿದರೆ ಹೃದಯದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ, ಒತ್ತಡದ ಮಾತನ್ನೇ ಎತ್ತದ ಉತ್ತರಗಳನ್ನು ನಾನು ಬಹಳ ನೋಡಿದ್ದೇನೆ. ಅಷ್ಟು ಶ್ರಮಕ್ಕೆ ಅಂಕವಿಲ್ಲದೆ ಹೋಗುವುದನ್ನು ನೋಡಿ ಸಂಕಟವಾಗುತ್ತದೆ.

ಕೊನೆಯದಾಗಿ, ತಿದ್ದಿದ ಪತ್ರಿಕೆ ಮರಳಿ ಕೊಟ್ಟ ದಿನ ಪಾಠ ಮಾಡಬೇಡಿ. ಕಳೆದುಕೊಂಡ ಪ್ರತಿ ಅಂಕದ ಪಕ್ಕದಲ್ಲಿ ಕಾರಣ ಬರೆಸಿ: ಓದಿರಲಿಲ್ಲ, ಓದಿದ್ದೆ ಆದರೆ ನೆನಪಾಗಲಿಲ್ಲ, ಪ್ರಶ್ನೆ ತಪ್ಪಾಗಿ ತಿಳಿದೆ, ಸಮಯ ಸಾಲಲಿಲ್ಲ. ಎರಡನೆಯದು ಹೆಚ್ಚಿರುವವರಿಗೆ ಖಾಲಿ ಹಾಳೆಯ ಅಭ್ಯಾಸ, ಮೂರನೆಯದು ಹೆಚ್ಚಿರುವವರಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದಿ ಏನು ಕೇಳಿದ್ದಾರೆಂದು ಬಾಯಲ್ಲಿ ಹೇಳುವ ಕೆಲಸ, ನಾಲ್ಕನೆಯದಕ್ಕೆ ಗಡಿಯಾರ ಮುಂದಿಟ್ಟುಕೊಂಡು ಬರೆಯುವುದು. ಆ ಹುಡುಗಿಯ ಪತ್ರಿಕೆಯಿಂದಲೇ ಆರಂಭಿಸಿ ಮೇಡಂ. ಥಟ್ಟನೆ ಉತ್ತರ ಹೇಳುವವಳು ಎಂದಿರಿ, ಹಾಗಾದರೆ ಮೊದಲ ಕಾರಣ ಅವಳ ಪತ್ರಿಕೆಯಲ್ಲಿ ಹೆಚ್ಚು ಕಾಣಲಾರದು, ಅದನ್ನು ಅವಳೇ ತನ್ನ ಕೈಯಾರೆ ಬರೆದು ನೋಡಲಿ.