ಪದಚರ್ಚೆ: ‘ಕಳುಹಿಸುವುದು’, ‘ಕಳುಹಿಸಲಾಗುತ್ತದೆ’, ‘ಕಳುಹಿಸುತ್ತದೆ’: ಟೂಲ್ ವಿವರಣೆಗೆ ಯಾವ ರೂಪ?

ಎಲ್ಲರಿಗೂ ನಮಸ್ಕಾರ.

ಗಂಗಾವತಿ ಸುತ್ತಿನ ಭತ್ತದ ಬೆಳೆಗಾರರಿಗೆ ಕನ್ನಡದಲ್ಲೇ ಉತ್ತರಿಸುವ ಎಐ ಏಜೆಂಟ್ ಒಂದನ್ನು ನಾವು ಕೆಲವರು ಸಿದ್ಧಪಡಿಸುತ್ತಿದ್ದೇವೆ. ಮಾರುಕಟ್ಟೆಯ ದರ ಹುಡುಕಲು ಅದಕ್ಕೆ ಒಂದು ಟೂಲ್ (ಏಜೆಂಟ್ ಒಂದೊಂದು ಕೆಲಸಕ್ಕೆ ಬಳಸಿಕೊಳ್ಳುವ ಸೌಲಭ್ಯ), ಜಲಾಶಯದ ಲೆಕ್ಕ ತರಲು ಇನ್ನೊಂದು, ಗುಂಪಿನ ಸದಸ್ಯರಿಗೆ ಸಂದೇಶ ಕಳುಹಿಸಲು ಮತ್ತೊಂದು. (‘ಸಾಧನ’, ‘ಸಲಕರಣೆ’ಗಳ ಚರ್ಚೆ ಇನ್ನೊಮ್ಮೆ ಆಗಲಿ; ಸದ್ಯಕ್ಕೆ ಟೂಲ್ ಎಂದೇ ಬರೆಯುತ್ತೇನೆ.) ಟೂಲಿನ ಒಳಗಿರುವ ಪ್ರೋಗ್ರಾಂ ಏಜೆಂಟಿಗೆ ಕಾಣುವುದಿಲ್ಲ. ಟೂಲಿನ ಹೆಸರು, ಅದರ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿ, ಇಷ್ಟನ್ನು ಓದಿಯೇ ಯಾವುದನ್ನು ಯಾವಾಗ ಕರೆಯಬೇಕೆಂದು, ಅಂದರೆ ಚಾಲನೆಗೊಳಿಸಬೇಕೆಂದು, ಅದು ತೀರ್ಮಾನಿಸುತ್ತದೆ. ಹಾಗಾಗಿ ವಿವರಣೆಯ ಕ್ರಿಯಾಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಕರಡಿನಲ್ಲಿ ಒಂದು ಸಾಲು ಹೀಗಿದೆ: ‘ಸದಸ್ಯರಿಗೆ ಸಂದೇಶ ಕಳುಹಿಸುವುದು.’ ಇದು ಕೆಲಸದ ಹೆಸರೂ ಆಗಬಹುದು, ‘ಪಾದರಕ್ಷೆಗಳನ್ನು ಹೊರಗೆ ಬಿಡುವುದು’ ಎಂಬಂತೆ ಅಪ್ಪಣೆಯೂ ಆಗಬಹುದು, ‘ನಾಳೆ ಮಳೆ ಬರುವುದು’ ಎಂಬಂತೆ ಮುಂದಾಗಲಿರುವುದರ ಮಾತೂ ಆಗಬಹುದು. ಫಲಕ ಎಲ್ಲಿ ತೂಗುಹಾಕಿದೆ ಎಂಬುದನ್ನು ನೋಡಿ ಮನುಷ್ಯರು ಅರ್ಥ ಹಿಡಿಯುತ್ತಾರೆ. ಏಜೆಂಟಿನ ಮುಂದೆ ಫಲಕದ ಗೋಡೆಯಿಲ್ಲ, ಸಾಲೊಂದೇ ಇದೆ. ಅದನ್ನು ಅಪ್ಪಣೆಯೆಂದು ತಿಳಿದರೆ, ಯಾರೋ ಒಬ್ಬರು ಇಂದಿನ ದರ ಕೇಳಿದ್ದಕ್ಕೆ ಊರಿಗೆಲ್ಲ ಸಂದೇಶ ಹೋಗಬಹುದು.

‘ಕಳುಹಿಸಲಾಗುತ್ತದೆ’ ಎಂದು ತಿದ್ದಬಹುದೆಂದು ಗೆಳೆಯರೊಬ್ಬರ ಸಲಹೆ. ನನಗೆ ಅದು ಇನ್ನೂ ಅಪಾಯಕಾರಿ ಎನಿಸುತ್ತದೆ. ಕಳುಹಿಸುವವರು ಯಾರು? ಟೂಲ್ ಕರೆದ ಕೂಡಲೇ ಹೋಗುತ್ತದೆಯೋ, ಯಾರಾದರೂ ಒಪ್ಪಿಗೆ ಕೊಟ್ಟ ಮೇಲೋ? ಕಚೇರಿ ಕನ್ನಡಕ್ಕೆ ಈ ರೂಪ ಬಹಳ ಪ್ರಿಯ, ಏಕೆಂದರೆ ಅಲ್ಲಿ ಮಾಡುವವರ ಹೆಸರು ಹೇಳದೆ ವಾಕ್ಯ ಮುಗಿಸಬಹುದು. ನಮಗೆ ಬೇಕಾದದ್ದು ಆ ಹೆಸರೇ. ಆದ್ದರಿಂದ ನಾನು ಬರೆದಿರುವುದು ಹೀಗೆ:

‘ಕರೆದ ತಕ್ಷಣ ಈ ಟೂಲ್ ಗುಂಪಿನ ಎಲ್ಲ ಸದಸ್ಯರಿಗೂ ಸಂದೇಶ ಕಳುಹಿಸುತ್ತದೆ. ಹೋದ ಸಂದೇಶವನ್ನು ಹಿಂಪಡೆಯಲು ಬರುವುದಿಲ್ಲ. ಕೇಳಿದವರು ಸಂದೇಶವನ್ನು ಓದಿ ಒಪ್ಪಿದ ಮೇಲೆಯೇ ಏಜೆಂಟ್ ಇದನ್ನು ಕರೆಯಬೇಕು. ಒಬ್ಬರ ಪ್ರಶ್ನೆಗೆ ಉತ್ತರಿಸಲು ಇದನ್ನು ಬಳಸಬಾರದು.’

ಟೂಲ್ ಮಾಡುವುದಕ್ಕೆಲ್ಲ ‘-ಉತ್ತದೆ’, ಏಜೆಂಟ್ ಪಾಲಿಸಬೇಕಾದದ್ದಕ್ಕೆಲ್ಲ ‘ಬೇಕು’, ‘ಬಾರದು’. ಉದ್ದವಾಯಿತು ಎನ್ನುವವರಿದ್ದಾರೆ, ಉದ್ದವಾದರೂ ಹೀಗೆಯೇ ಇರಲಿ ಎಂಬುದು ನನ್ನ ನಿಲುವು. ಎಐ ಕಂಪನಿ ಆಂತ್ರೊಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ, ಎಐಗೆ ಟೂಲುಗಳನ್ನು ಜೋಡಿಸುವ ಸಾಮಾನ್ಯ ಕ್ರಮವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಲ್ಲಿ ಟೂಲ್ ಬರೀ ಓದುವಂಥದ್ದೋ, ಏನನ್ನಾದರೂ ಬದಲಿಸುವಂಥದ್ದೋ ಎಂದು ಸೂಚಿಸಲು ಪ್ರತ್ಯೇಕ ಗುರುತುಗಳು ಈಗ ಇವೆ. ಆದರೆ ಅವು ಸುಳಿವುಗಳು ಮಾತ್ರ. ವಾಕ್ಯ ಮಸುಕಾಗಿದ್ದರೆ ಗುರುತು ಅದನ್ನು ತಿದ್ದಿಕೊಡುವುದಿಲ್ಲ.

ನಾಮಪದಗಳಲ್ಲಿ ತೊಡಕು ಕಡಿಮೆ, ಆದರೂ ಇದೆ. ‘ಭತ್ತದ ದರ ಕೊಡುತ್ತದೆ’ ಎಂದಷ್ಟೇ ಬರೆದರೆ ಸಾಲದು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈತರು ದರ ಹೇಳುವುದು 75 ಕೆ.ಜಿ. ಚೀಲಕ್ಕೆ; ಸರ್ಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಲಿಗೆ. 2025-26ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಅಂದರೆ ಚೀಲಕ್ಕೆ ಸುಮಾರು 1,777. ಈ ಎರಡು ಅಂಕಿಗಳು ಅದಲುಬದಲಾದರೆ ರೈತರೊಬ್ಬರು ಮಾರಬೇಕಾದ ಮಾಲನ್ನು ತಡೆಹಿಡಿಯಬಹುದು, ತಡೆಹಿಡಿಯಬೇಕಾದದ್ದನ್ನು ಮಾರಿಬಿಡಬಹುದು. ತುಂಗಭದ್ರಾ ಜಲಾಶಯದ ವಿಷಯವೂ ಇಂಥದ್ದೇ: ‘ನೀರು ಎಷ್ಟಿದೆ’ ಎಂದರೆ ಮಟ್ಟವೋ, ಸಂಗ್ರಹವೋ? ಮಟ್ಟವನ್ನು ಅಡಿಗಳಲ್ಲಿ ಹೇಳುತ್ತಾರೆ, ಪೂರ್ಣ ಮಟ್ಟ 1,633 ಅಡಿ. ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಮತ್ತು ಹೊರಹರಿವು ಕ್ಯೂಸೆಕ್‌ನಲ್ಲಿ. ಹೊರಹರಿವು ಎಂದಾಗ ನದಿಗೆ ಬಿಟ್ಟದ್ದು ಮಾತ್ರವೋ, ಕಾಲುವೆಗಳದ್ದೂ ಸೇರಿತೋ ಎಂಬುದನ್ನೂ ವಿವರಣೆಯಲ್ಲೇ ಹೇಳಬೇಕು. ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರು ಕೇಳುವುದೇ ಅದನ್ನು.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಮೂರು. ‘ಬಳಸಲಾಗದು’ ಎಂಬುದನ್ನು ನೀವು ‘ಬಳಸಲು ಸಾಧ್ಯವಿಲ್ಲ’ ಎಂದು ಓದುತ್ತೀರೋ, ‘ಬಳಸಬಾರದು’ ಎಂದೋ? ನನಗೆ ಎರಡೂ ಕೇಳಿಸುತ್ತವೆ. ಎರಡನೆಯದು, ಕಾಯ್ದೆಗಳ ಭಾಷೆಯ ‘ತಕ್ಕದ್ದು’ ಕಟ್ಟುನಿಟ್ಟಿಗೆ ‘ಬೇಕು’ಗಿಂತ ಗಟ್ಟಿಯೇ, ಅಥವಾ ಬರೀ ಹಳೆಯ ಗತ್ತೇ? ಕೊನೆಯದು, ಮಾರುಕಟ್ಟೆ ಪಟ್ಟಿಗಳಲ್ಲಿ ಕನಿಷ್ಠ, ಗರಿಷ್ಠ ದರಗಳ ಜೊತೆಗೆ ಬರುವ ‘ಮಾದರಿ ದರ’. ಹೆಚ್ಚಿನ ಮಾಲು ಮಾರಾಟವಾದ ದರ ಎಂಬ ಅರ್ಥದಲ್ಲಿ ಅದು ಬಳಕೆಯಲ್ಲಿದೆ, ಆದರೆ ‘ಮಾದರಿ’ ಎಂದರೆ ಸ್ಯಾಂಪಲ್ಲೂ ಹೌದು, ಎಐ ಬರಹಗಳಲ್ಲಿ ಮಾಡೆಲ್ಲೂ ಹೌದು. ವಿವರಣೆಯಲ್ಲಿ ಅದನ್ನೇ ಉಳಿಸಿ ಪಕ್ಕದಲ್ಲಿ ಅರ್ಥ ಬರೆಯಲೇ, ಅಥವಾ ‘ಹೆಚ್ಚು ಮಾರಾಟವಾದ ದರ’ ಎಂದು ನೇರವಾಗಿ ಇಡಲೇ? ಮಾರುಕಟ್ಟೆಯಲ್ಲಿ ದಿನನಿತ್ಯ ವ್ಯವಹರಿಸುವವರು ಯಾರಾದರೂ ಇಲ್ಲಿದ್ದರೆ, ಅವರು ಇದಕ್ಕೆ ಬಾಯಿಮಾತಿನಲ್ಲಿ ಏನೆನ್ನುತ್ತಾರೆಂದು ದಯವಿಟ್ಟು ತಿಳಿಸಿ.